ದಾನಿಗಳ ಮಂಡಳಿಯಿಂದ ನಿವಾಸಿಗಳ ಮಂಡಳಿಗೆ: ಬಾಸ್ಟನ್ನಿನ ಡಡ್ಲಿ ಸ್ಟ್ರೀಟ್ ಪ್ರಕರಣ

ಅಮೆರಿಕದ ಬಾಸ್ಟನ್ ನಗರದ ವ್ಯಾಪಾರ ಕೇಂದ್ರದಿಂದ ಎರಡು ಮೈಲಿಗಿಂತ ಕಡಿಮೆ ದೂರದಲ್ಲಿ, ರಾಕ್ಸ್‌ಬರಿ ಮತ್ತು ಡಾರ್ಚೆಸ್ಟರ್ ಪ್ರದೇಶಗಳು ಕೂಡುವ ಕಡೆ ಡಡ್ಲಿ ಸ್ಟ್ರೀಟ್ ಬಡಾವಣೆ ಇದೆ. 1980ರ ದಶಕದ ಆರಂಭದ ಹೊತ್ತಿಗೆ ಇಲ್ಲಿನ ಜಮೀನಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಖಾಲಿ ಬಿದ್ದಿತ್ತು. ಸುಮಾರು 1,300 ನಿವೇಶನಗಳಲ್ಲಿ ಮನೆಗಳಿರಬೇಕಾದ ಜಾಗದಲ್ಲಿ ಕಳೆ, ಮುರಿದ ಇಟ್ಟಿಗೆ ಮತ್ತು ಕಸ ತುಂಬಿತ್ತು. ಇದೇ ಬಡಾವಣೆಯ ನಿವಾಸಿಗಳು 1984–85ರಲ್ಲಿ ಕಟ್ಟಿಕೊಂಡ ಡಡ್ಲಿ ಸ್ಟ್ರೀಟ್ ನೇಬರ್‌ಹುಡ್ ಇನಿಶಿಯೇಟಿವ್ ಎಂಬ ದತ್ತಿ ಸಂಸ್ಥೆ (ಮುಂದೆ ಡಿಎಸ್‌ಎನ್‌ಐ) ಈ ಜಮೀನಿನ ಮೇಲೆ ಹಿಡಿತ ಸಾಧಿಸಿದ ಬಗೆಯನ್ನು ಈ ಅಧ್ಯಯನ ವಿವರಿಸುತ್ತದೆ. ಬಡವರ ಕೇರಿಗೆ ನೆರವಾಗುವ ಸಂಸ್ಥೆಗಳಿಗೆ ಎಲ್ಲೂ ಕೊರತೆಯಿಲ್ಲ. ಆದರೆ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಕೂರುವವರು ಯಾರು, ಕೇರಿಯ ನೆಲದ ಹಕ್ಕುಪತ್ರ ಯಾರ ಹೆಸರಿನಲ್ಲಿರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಇಷ್ಟು ನೇರವಾಗಿ ಎತ್ತಿ, ಎರಡಕ್ಕೂ ತನ್ನದೇ ಉತ್ತರವನ್ನು ಜಾರಿಗೆ ತಂದ ಸಂಸ್ಥೆಗಳು ವಿರಳ. ಈ ಪ್ರಕರಣವನ್ನು ಆರಿಸಿಕೊಳ್ಳಲು ಅದೇ ಕಾರಣ.

ನೆಲ ಖಾಲಿಯಾದದ್ದು ಹೇಗೆ

ಎರಡನೆಯ ಮಹಾಯುದ್ಧದ ನಂತರ ಇಲ್ಲಿನ ಐರಿಷ್ ಮತ್ತು ಇಟಾಲಿಯನ್ ಮೂಲದ ಬಿಳಿಯ ಕುಟುಂಬಗಳು ಒಂದೊಂದಾಗಿ ಹೊರವಲಯದ ಹೊಸ ಬಡಾವಣೆಗಳಿಗೆ ತೆರಳಿದವು. ಅವರ ಜಾಗಕ್ಕೆ ಕಪ್ಪು ಜನರು, ಪೋರ್ಟೊರಿಕೊ ಮೊದಲಾದ ಕಡೆಯಿಂದ ಬಂದ ಸ್ಪ್ಯಾನಿಷ್ ಭಾಷಿಕರು ಮತ್ತು ಪಶ್ಚಿಮ ಆಫ್ರಿಕಾದ ಕರಾವಳಿಯಾಚೆಯ ಕೇಪ್ ವರ್ಡ್ ದ್ವೀಪಗಳ ವಲಸಿಗರು ಬಂದು ನೆಲೆಸಿದರು. ಇಂತಹ ಬಡಾವಣೆಗಳನ್ನು ನಕ್ಷೆಯಲ್ಲೇ ಗುರುತು ಹಾಕಿ ದೂರವಿಡುವುದು ಆ ಕಾಲದ ಬ್ಯಾಂಕುಗಳ ರೂಢಿಯಾಗಿತ್ತು. ಮನೆ ಕೊಳ್ಳಲು ಸಾಲವಿಲ್ಲ, ಇದ್ದ ಮನೆಯ ದುರಸ್ತಿಗೂ ಸಾಲವಿಲ್ಲ ಎಂದಾದ ಮೇಲೆ ಮನೆಯ ಬೆಲೆ ಕುಸಿಯಿತು. ಬೆಲೆ ಕುಸಿದ ಮೇಲೆ, ಬೇರೆ ಊರಿನಲ್ಲಿ ಕುಳಿತು ಬಾಡಿಗೆ ಎಣಿಸುತ್ತಿದ್ದ ಮಾಲೀಕರಲ್ಲಿ ಕೆಲವರಿಗೆ ಮನೆಯನ್ನು ಉಳಿಸಿಕೊಳ್ಳುವುದಕ್ಕಿಂತ ಸುಟ್ಟು ವಿಮೆಯ ಹಣ ಪಡೆಯುವುದೇ ಲಾಭವೆನಿಸಿತು. 1970ರ ದಶಕದುದ್ದಕ್ಕೂ ಇಲ್ಲಿ ಮನೆಗಳು ಹೊತ್ತಿ ಉರಿದವು. ಸುಟ್ಟ ಮನೆಗಳನ್ನು ನಗರಾಡಳಿತ ಕೆಡವಿತು, ಕೆಡವಿದ ಜಾಗದಲ್ಲಿ ಮತ್ತೆ ಯಾರೂ ಕಟ್ಟಲಿಲ್ಲ. ಆಸ್ತಿ ತೆರಿಗೆ ಬಾಕಿ ಉಳಿದ ಕೆಲವು ನಿವೇಶನಗಳು ನಗರಾಡಳಿತದ ವಶವಾದವು, ಉಳಿದವು ಎಲ್ಲಿದ್ದಾರೆಂದು ತಿಳಿಯದ ಖಾಸಗಿ ಮಾಲೀಕರ ಹೆಸರಿನಲ್ಲೇ ಉಳಿದವು.

ಖಾಲಿ ನಿವೇಶನ ಕಂಡ ಕಡೆ ಕಸದ ಲಾರಿ ಬರುವುದು ಯಾವ ಊರಿನಲ್ಲೂ ತಡವಾಗುವುದಿಲ್ಲ. ನಗರದ ಬೇರೆ ಭಾಗಗಳ ಕಟ್ಟಡದ ಅವಶೇಷ, ಹಳೆಯ ಫ್ರಿಜ್ಜು, ಟೈರು, ಕೊಳೆತ ಮಾಂಸ ಎಲ್ಲವೂ ರಾತ್ರಿ ಹೊತ್ತು ಇಲ್ಲಿಗೆ ಬಂದು ಬೀಳುತ್ತಿದ್ದವು. ಪರವಾನಗಿಯಿಲ್ಲದ ಕಸ ವರ್ಗಾವಣೆ ಕೇಂದ್ರಗಳು ಮನೆಗಳ ನಡುವೆಯೇ ನಡೆಯುತ್ತಿದ್ದವು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರು, ಮಾವಳ್ಳಿಪುರದ ಜನರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

1985ರ ಫೆಬ್ರವರಿಯ ಸಭೆ

ಆರಂಭದಲ್ಲಿ ಇದು ನಿವಾಸಿಗಳ ಸಂಸ್ಥೆಯಾಗುವ ಲಕ್ಷಣವೇನೂ ಇರಲಿಲ್ಲ. ಬಾಸ್ಟನ್ನಿನ ಮೇಬಲ್ ಲೂಯಿಸ್ ರೈಲಿ ಪ್ರತಿಷ್ಠಾನ ಎಂಬ ಖಾಸಗಿ ದತ್ತಿ ನಿಧಿಯ ಬಳಿ, ಈ ಬಡಾವಣೆಯಲ್ಲಿ ಕೆಲಸ ಮಾಡುತ್ತಿದ್ದ ಲಾ ಅಲಿಯಾನ್ಸಾ ಹಿಸ್ಪಾನಾ ಎಂಬ ಸೇವಾ ಸಂಸ್ಥೆ 1984ರಲ್ಲಿ ಒಂದು ಸಣ್ಣ ಅನುದಾನವನ್ನು ಕೋರಿತ್ತು. ಅರ್ಜಿಯ ಪರಿಶೀಲನೆಗೆಂದು ಬಂದ ಪ್ರತಿಷ್ಠಾನದ ಧರ್ಮದರ್ಶಿಗಳು ಸುತ್ತಲಿನ ಪಾಳು ನಿವೇಶನಗಳನ್ನು ಕಂಡು ದಂಗಾದರು. ಒಂದು ಕಟ್ಟಡದ ದುರಸ್ತಿಗೆ ಹಣ ಕೊಟ್ಟು ಕೈತೊಳೆದುಕೊಳ್ಳುವ ಬದಲು ಇಡೀ ಬಡಾವಣೆಯ ಪುನರುಜ್ಜೀವನಕ್ಕೆ ಹಲವು ವರ್ಷ ಬೆಂಬಲ ನೀಡಬೇಕೆಂಬ ಅವರ ತೀರ್ಮಾನ ಶ್ಲಾಘನೀಯವೇ. ಅದರಂತೆ ಸ್ಥಳೀಯ ಸೇವಾ ಸಂಸ್ಥೆಗಳು, ಚರ್ಚುಗಳು ಮತ್ತು ಗೃಹ ನಿರ್ಮಾಣ ನಿಗಮಗಳ ಪ್ರತಿನಿಧಿಗಳು ಕೂಡಿ ಚರ್ಚಿಸಿ, ಹೊಸ ಸಂಸ್ಥೆಯ ಸ್ವರೂಪವನ್ನು ನಿರ್ಧರಿಸಿ, ಆಡಳಿತ ಮಂಡಳಿಯ ರಚನೆಯನ್ನೂ ಬರೆದು ಮುಗಿಸಿದರು.

1985ರ ಫೆಬ್ರವರಿಯಲ್ಲಿ ಸೇಂಟ್ ಪ್ಯಾಟ್ರಿಕ್ ಚರ್ಚಿನಲ್ಲಿ ನಿವಾಸಿಗಳ ಸಭೆ ಕರೆದು ಈ ಯೋಜನೆಯನ್ನು ಅವರ ಮುಂದಿಟ್ಟರು. ವೇದಿಕೆಯ ಮೇಲಿದ್ದವರು ಅನುಮೋದನೆಯ ನಿರೀಕ್ಷೆಯಲ್ಲಿದ್ದರು. ಸಭಿಕರ ನಡುವಿನಿಂದ ಎದ್ದು ನಿಂತ ಶೇ ಮಾಡ್ಯೂನ್ ಎಂಬ ಮಹಿಳೆ, ವೇದಿಕೆಯ ಮೇಲಿರುವವರಲ್ಲಿ ಎಷ್ಟು ಮಂದಿ ಈ ಬಡಾವಣೆಯಲ್ಲಿ ವಾಸವಾಗಿದ್ದಾರೆ ಎಂದು ಕೇಳಿದರು. ಹೇಳಿಕೊಳ್ಳುವಂತಹ ಉತ್ತರ ವೇದಿಕೆಯಿಂದ ಬರಲಿಲ್ಲ. ಪ್ರಸ್ತಾವಿತ ಮಂಡಳಿಯಲ್ಲೂ ನಿವಾಸಿಗಳಿಗೆ ಮೀಸಲಿದ್ದ ಸ್ಥಾನಗಳು ಬೆರಳೆಣಿಕೆಯಷ್ಟೇ. ಒಬ್ಬರ ಹಿಂದೆ ಒಬ್ಬರು ಎದ್ದರು. ಹಿಂದೆ ಇಂತಹ ಯೋಜನೆಗಳನ್ನು ಹೊತ್ತು ತಂದವರು ಏನು ಮಾಡಿದರು, ಹಣ ಎಲ್ಲಿಗೆ ಹೋಯಿತು, ತಮ್ಮನ್ನು ಒಕ್ಕಲೆಬ್ಬಿಸುವುದಿಲ್ಲವೆಂಬುದಕ್ಕೆ ಖಾತರಿ ಏನು ಎಂದು ಪ್ರಶ್ನೆಗಳ ಮಳೆಯೇ ಸುರಿಯಿತು.

ಈ ಅಪನಂಬಿಕೆಗೆ ಬುಡವಿತ್ತು. 1950ರ ದಶಕದ ಕೊನೆಯಲ್ಲಿ ಇದೇ ಬಾಸ್ಟನ್ನಿನ ವೆಸ್ಟ್ ಎಂಡ್ ಎಂಬ ಕಾರ್ಮಿಕರ ಬಡಾವಣೆಯನ್ನು ನಗರ ನವೀಕರಣದ ಹೆಸರಿನಲ್ಲಿ ನೆಲಸಮ ಮಾಡಿ ಅಲ್ಲಿ ಶ್ರೀಮಂತರಿಗೆ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸಲಾಗಿತ್ತು. ರಾಕ್ಸ್‌ಬರಿಯ ಮೂಲಕ ಹಾಯಬೇಕಿದ್ದ ಹೆದ್ದಾರಿಗಾಗಿ ಮನೆಗಳನ್ನು ಕೆಡವಿದ ಮೇಲೆ, ಜನರ ಪ್ರತಿಭಟನೆಯಿಂದ 1970ರ ದಶಕದ ಆರಂಭದಲ್ಲಿ ಆ ಹೆದ್ದಾರಿಯೇ ರದ್ದಾಗಿತ್ತು.

ಆ ಸಂಜೆ ಪ್ರತಿಷ್ಠಾನದವರು ನಡೆದುಕೊಂಡ ರೀತಿಯನ್ನು ಗಮನಿಸಬೇಕು. ದಾನ ಕೊಡುವವರು ಮುನಿಸಿಕೊಂಡು ಗಂಟು ಕಟ್ಟಿಕೊಂಡು ಹೊರಡುವುದು ಅಪರೂಪವೇನಲ್ಲ. ಇವರು ಹಾಗೆ ಮಾಡದೆ, ಮಂಡಳಿಯ ರಚನೆಯನ್ನು ಬದಲಿಸಲು ಒಪ್ಪಿದರು. ಹೊಸ ರಚನೆಯಲ್ಲಿ 31 ಸ್ಥಾನಗಳಿದ್ದು, ನಿವಾಸಿಗಳ ಪಾಲೇ ಎಲ್ಲಕ್ಕಿಂತ ದೊಡ್ಡದಾಯಿತು. ಕಪ್ಪು ಜನರು, ಕೇಪ್ ವರ್ಡ್‌ನವರು, ಸ್ಪ್ಯಾನಿಷ್ ಭಾಷಿಕರು, ಬಿಳಿಯರು ಎಂಬ ನಾಲ್ಕೂ ಸಮುದಾಯಗಳಿಗೆ ತಲಾ ಮೂರರಂತೆ ಕನಿಷ್ಠ 12 ಸ್ಥಾನಗಳು ನಿಗದಿಯಾದವು. ಮುಂದೆ ಇದನ್ನು ತಲಾ ನಾಲ್ಕಕ್ಕೆ ಏರಿಸಿ, ಯುವಜನರಿಗೂ ಸ್ಥಾನ ಕಲ್ಪಿಸಲಾಯಿತು. ಜನಸಂಖ್ಯೆಗೆ ಅನುಗುಣವಾಗಿ ಹಂಚದೆ ಸಮಪಾಲು ಕೊಟ್ಟದ್ದು ಮೇಲ್ನೋಟಕ್ಕೆ ಅನ್ಯಾಯವೆನಿಸಬಹುದು. ಆದರೆ ಎಷ್ಟು ತಲೆಗಳಿವೆ ಎಂದು ಎಣಿಸಿ ಕಿತ್ತಾಡುವ ಅವಕಾಶವನ್ನೇ ಅದು ಇಲ್ಲವಾಗಿಸಿತು ಎಂಬುದು ನನ್ನ ಅಭಿಪ್ರಾಯ. ನಮ್ಮ ಸಂಘ ಸಂಸ್ಥೆಗಳಲ್ಲಿ ಜಾತಿವಾರು ಲೆಕ್ಕಾಚಾರ ಎಬ್ಬಿಸುವ ಧೂಳನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಮಂಡಳಿಗೆ ಎರಡು ವರ್ಷಕ್ಕೊಮ್ಮೆ ಚುನಾವಣೆ ನಡೆಸುವ, ಸಭೆಗಳನ್ನು ಇಂಗ್ಲಿಷ್, ಸ್ಪ್ಯಾನಿಷ್ ಮತ್ತು ಕೇಪ್ ವರ್ಡ್‌ನ ಕ್ರಿಯೋಲ್ ಈ ಮೂರೂ ಭಾಷೆಗಳಲ್ಲಿ ನಡೆಸುವ ಪದ್ಧತಿ ಬೆಳೆಯಿತು. ಸಭೆಗೆ ಬಂದವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮಾತನಾಡುತ್ತಿರುವವರ ಮಾತು ಮುಗಿಯುವ ಮುನ್ನವೇ ಅದನ್ನು ತಮ್ಮ ಭಾಷೆಯಲ್ಲಿ ಕೇಳಿಸಿಕೊಳ್ಳುತ್ತಾರೆ. ಪ್ರಶ್ನೆ ಕೇಳಿದ ಶೇ ಮಾಡ್ಯೂನ್ ಮುಂದೆ ಮಂಡಳಿಯ ಅಧ್ಯಕ್ಷರಾದರು.

ಮೊದಲು ಕಸ, ಆಮೇಲೆ ಯೋಜನೆ

ಮೊದಲ ನಿರ್ದೇಶಕರಾಗಿ ಬಂದ ಪೀಟರ್ ಮೆಡಾಫ್, ಯೋಜನಾ ವರದಿ ಬರೆಸುವ ಮೊದಲು ಜನರನ್ನು ಒಗ್ಗೂಡಿಸುವ ಕೆಲಸಕ್ಕೆ ಕೈಹಾಕಿದರು. ಮನೆಮನೆಗೆ ಹೋಗಿ ಕೇಳಿದಾಗ ಜನ ಹೇಳಿದ್ದು ಗೃಹ ನೀತಿಯ ಬಗ್ಗೆ ಅಲ್ಲ, ಕಸದ ಬಗ್ಗೆ. 1986ರಲ್ಲಿ ‘ನಮ್ಮ ಮೇಲೆ ಕಸ ಸುರಿಯಬೇಡಿ’ ಎಂಬ ಘೋಷಣೆಯೊಂದಿಗೆ ಚಳವಳಿ ಆರಂಭವಾಯಿತು. ನಿವಾಸಿಗಳೇ ಖಾಲಿ ನಿವೇಶನಗಳನ್ನು ಗುಡಿಸಿದರು, ನಗರಾಡಳಿತದ ಅಧಿಕಾರಿಗಳನ್ನು ಕರೆಸಿ ರಾಶಿಗಳ ಮುಂದೆ ನಿಲ್ಲಿಸಿದರು, ಅಕ್ರಮ ಕೇಂದ್ರಗಳನ್ನು ಮುಚ್ಚಿಸುವಂತೆ ಮೇಯರ್ ರೇಮಂಡ್ ಫ್ಲಿನ್ ಅವರ ಬೆನ್ನು ಹತ್ತಿದರು. ಫ್ಲಿನ್ ತಾವೇ ಬಂದು ನೋಡಿದರು, ಕೇಂದ್ರಗಳಿಗೆ ಬೀಗ ಬಿತ್ತು. ಬೀದಿಬದಿಯಲ್ಲಿ ತುಕ್ಕು ಹಿಡಿಯುತ್ತಿದ್ದ ವಾರಸುದಾರರಿಲ್ಲದ ಕಾರುಗಳು ತೆರವಾದವು. ಕೆಲಸ ಚಿಕ್ಕದು, ಆದರೆ ಮೇಯರರ ಕಚೇರಿ ತಮ್ಮ ಮಾತಿಗೆ ಮಣಿಯುತ್ತದೆ ಎಂಬುದನ್ನು ಬಡಾವಣೆ ಮೊದಲ ಬಾರಿಗೆ ಕಂಡುಕೊಂಡಿತು. ಕಸದ ವಿಚಾರದಲ್ಲಿ ಗೆದ್ದಿರದಿದ್ದರೆ ಜಮೀನಿನ ವಿಚಾರದಲ್ಲಿ ನಗರಾಡಳಿತದೊಂದಿಗೆ ಸರಿಸಮವಾಗಿ ಕೂರುವ ಧೈರ್ಯ ಬರುತ್ತಿರಲಿಲ್ಲವೇನೋ.

1987ರಲ್ಲಿ ಸಲಹೆಗಾರರ ನೆರವಿನಿಂದ, ಹಲವಾರು ಸಭೆಗಳ ನಂತರ, ಬಡಾವಣೆಯ ಸಮಗ್ರ ಪುನರುಜ್ಜೀವನ ಯೋಜನೆ ಸಿದ್ಧವಾಯಿತು. ಅದರ ನಡುವಿನ ಕಲ್ಪನೆ ‘ನಗರದೊಳಗಿನ ಹಳ್ಳಿ’ ಎಂಬುದಾಗಿತ್ತು: ಮಧ್ಯದಲ್ಲಿ ಒಂದು ಸಾರ್ವಜನಿಕ ಬಯಲು, ಸುತ್ತ ಕೈಗೆಟಕುವ ದರದ ಮನೆಗಳು, ಅಂಗಡಿಗಳು, ಮಕ್ಕಳಿಗೆ ಆಟದ ಜಾಗ. ನಗರಾಡಳಿತ ಇದನ್ನು ಅಂಗೀಕರಿಸಿತು.

ಭೂಸ್ವಾಧೀನದ ಅಧಿಕಾರ

ಯೋಜನೆಯ ತೊಡಕು ಜಮೀನಿನಲ್ಲಿತ್ತು. ಮೊದಲು ಅಭಿವೃದ್ಧಿಗೆಂದು ಗುರುತಿಸಿದ ‘ಡಡ್ಲಿ ತ್ರಿಕೋನ’ದ ಸುಮಾರು 64 ಎಕರೆಯಲ್ಲಿ 30 ಎಕರೆಯಷ್ಟು ಖಾಲಿ ಇತ್ತು. ಅದರಲ್ಲಿ ಅರ್ಧ ನಗರಾಡಳಿತದ್ದು, ಉಳಿದರ್ಧ 181 ಖಾಸಗಿ ತುಂಡುಗಳಾಗಿ ಹರಿದು ಹಂಚಿಹೋಗಿತ್ತು. ಇವೆರಡೂ ಚದುರಂಗದ ಮನೆಗಳಂತೆ ಒಂದರ ಪಕ್ಕ ಒಂದು ಸೇರಿಕೊಂಡಿದ್ದುದರಿಂದ ಎಲ್ಲಿಯೂ ಒಂದು ಸಾಲು ಮನೆ ಕಟ್ಟುವಷ್ಟು ಜಾಗ ಒಟ್ಟಿಗೆ ಸಿಗುತ್ತಿರಲಿಲ್ಲ. ಖಾಸಗಿ ಮಾಲೀಕರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಖರೀದಿಸಲು ಹೊರಟರೆ ಸುದ್ದಿ ಹಬ್ಬಿದ ಕೂಡಲೇ ಬೆಲೆ ಏರುವುದು ಖಚಿತವಿತ್ತು.

ಇದಕ್ಕೆ ವಕೀಲರು ಹುಡುಕಿದ ದಾರಿ ಮ್ಯಾಸಚೂಸೆಟ್ಸ್ ರಾಜ್ಯದ ಹಳೆಯ ಕಾಯ್ದೆಯೊಂದರಲ್ಲಿತ್ತು. ಆ ಕಾನೂನಿನ 121ಎ ಅಧ್ಯಾಯದ ಪ್ರಕಾರ ‘ನಗರ ಪುನರಭಿವೃದ್ಧಿ ನಿಗಮ’ವಾಗಿ ನೋಂದಾಯಿಸಿಕೊಂಡ ಸಂಸ್ಥೆಗೆ ಬಾಸ್ಟನ್ ಪುನರಭಿವೃದ್ಧಿ ಪ್ರಾಧಿಕಾರವು ಭೂಸ್ವಾಧೀನದ ಅಧಿಕಾರವನ್ನು ನೀಡಬಹುದಾಗಿತ್ತು. ಡಿಎಸ್‌ಎನ್‌ಐ ತನ್ನ ಅಂಗಸಂಸ್ಥೆಯಾಗಿ ಡಡ್ಲಿ ನೇಬರ್ಸ್ ಇನ್‌ಕಾರ್ಪೊರೇಟೆಡ್ ಅನ್ನು ಸ್ಥಾಪಿಸಿ ಅರ್ಜಿ ಹಾಕಿತು. ಹೊಸ ನಿರ್ದೇಶಕ, ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಮಾಜಿ ಮೇಯರ್ ಗಸ್ ನ್ಯೂಪೋರ್ಟ್ ಅವರ ರಾಜಕೀಯ ಅನುಭವವೂ ಇಲ್ಲಿ ನೆರವಾಯಿತು. ಖಾಸಗಿ ಜಮೀನನ್ನು ಕಿತ್ತುಕೊಳ್ಳುವ ಅಧಿಕಾರವನ್ನು ಬಡಾವಣೆಯ ಜನರ ಸಂಸ್ಥೆಗೆ ಕೊಡುವುದನ್ನು ಒಪ್ಪಿಕೊಳ್ಳುವುದು ಅಧಿಕಾರಸ್ಥರಿಗೆ ಸುಲಭವಿರಲಿಲ್ಲ. ನಿವಾಸಿಗಳಿಗೂ ಆ ಅಧಿಕಾರದ ಬಗ್ಗೆ ಭಯವಿತ್ತು, ಏಕೆಂದರೆ ವೆಸ್ಟ್ ಎಂಡನ್ನು ನೆಲಸಮ ಮಾಡಿದ್ದು ಇದೇ ಅಸ್ತ್ರದಿಂದ. ಆದ್ದರಿಂದ ವಾಸದ ಮನೆಗಳನ್ನು ಮುಟ್ಟದೆ, ತ್ರಿಕೋನದೊಳಗಿನ ಖಾಲಿ ನಿವೇಶನಗಳಿಗೆ ಮಾತ್ರ ಈ ಅಧಿಕಾರವನ್ನು ಸೀಮಿತಗೊಳಿಸಲಾಯಿತು. 1988ರ ನವೆಂಬರ್‌ನಲ್ಲಿ ಪ್ರಾಧಿಕಾರ ಒಪ್ಪಿಗೆ ನೀಡಿತು. ಅಮೆರಿಕದಲ್ಲಿ ಬಡಾವಣೆಯ ನಿವಾಸಿಗಳ ಸಂಸ್ಥೆಯೊಂದಕ್ಕೆ ಇಂತಹ ಅಧಿಕಾರ ದೊರೆತದ್ದು ಅದೇ ಮೊದಲು.

ಭೂಸ್ವಾಧೀನವೆಂದರೆ ಕನ್ನಡ ಓದುಗರ ಕಣ್ಣ ಮುಂದೆ ಬರುವುದು ಕೆಐಎಡಿಬಿ ನೋಟಿಸು, ಬಿಡಿಎ ಅಧಿಸೂಚನೆ, ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ರೈತ. ಊರಿನ ಬಡವರೇ ಈ ಅಧಿಕಾರವನ್ನು ಹಿಡಿದು, ಊರು ಬಿಟ್ಟುಹೋದ ಮಾಲೀಕರ ಪಾಳು ಜಮೀನನ್ನು ನ್ಯಾಯಬೆಲೆ ತೆತ್ತು ಪಡೆದುಕೊಳ್ಳುವ ಚಿತ್ರ ನಮಗೆ ಅಪರಿಚಿತ. ಅಧಿಕಾರ ಬಂದರೂ ಪರಿಹಾರ ಕೊಡಲು ಹಣ ಬೇಕಿತ್ತು. ಫೋರ್ಡ್ ಪ್ರತಿಷ್ಠಾನ 20 ಲಕ್ಷ ಡಾಲರ್‌ಗಳನ್ನು ಕಡಿಮೆ ಬಡ್ಡಿಯ ಸಾಲವಾಗಿ ನೀಡಿತು. ಅದನ್ನು ಅನುದಾನವಾಗಿ ಕೊಡದೆ ಸಾಲವಾಗಿ ಕೊಟ್ಟದ್ದು ಸಂಸ್ಥೆಗೆ ವ್ಯವಹಾರದ ಶಿಸ್ತನ್ನು ಕಲಿಸಿತು ಎನ್ನಬಹುದು.

ನೆಲ ಟ್ರಸ್ಟಿನದು, ಮನೆ ಮಾಲೀಕರದು

ಸ್ವಾಧೀನಪಡಿಸಿಕೊಂಡ ಜಮೀನನ್ನು ಮನೆ ಕಟ್ಟಿ ಮಾರಿಬಿಟ್ಟರೆ, ಬಡಾವಣೆ ಸುಧಾರಿಸಿದಂತೆ ಬೆಲೆ ಏರಿ, ಹತ್ತು ಹದಿನೈದು ವರ್ಷಗಳಲ್ಲಿ ಬಡವರು ಹೊರಹೋಗುವುದು ನಿಶ್ಚಿತ. ಇದನ್ನು ತಡೆಯಲು ಡಡ್ಲಿ ನೇಬರ್ಸ್ ಸಮುದಾಯ ಭೂ ಟ್ರಸ್ಟ್ ಆಗಿಯೂ ಕೆಲಸ ಮಾಡುತ್ತದೆ. ನೆಲವನ್ನು ಅದು ಎಂದಿಗೂ ಮಾರುವುದಿಲ್ಲ, ಮನೆಯನ್ನು ಮಾತ್ರ ಮಾರಿ, ಅದರ ಅಡಿಯ ನೆಲವನ್ನು 99 ವರ್ಷಗಳ ಗುತ್ತಿಗೆಗೆ ಕೊಡುತ್ತದೆ. ಗುತ್ತಿಗೆಯ ಕರಾರಿನಲ್ಲಿ ಮುಖ್ಯವಾದ ಷರತ್ತು ಮರುಮಾರಾಟದ್ದು. ಮಾಲೀಕರು ಮನೆ ಮಾರುವಾಗ ಮಾರುಕಟ್ಟೆ ಬೆಲೆಗೆ ಮಾರುವಂತಿಲ್ಲ. ಕರಾರಿನ ಸೂತ್ರದ ಪ್ರಕಾರ ಸೀಮಿತ ಏರಿಕೆಯೊಂದಿಗೆ, ನಿಗದಿತ ಆದಾಯ ಮಿತಿಯೊಳಗಿನ ಕುಟುಂಬಕ್ಕೇ ಮಾರಬೇಕು. ಮನೆ ಮಕ್ಕಳಿಗೆ ವಾರಸಾಗಿ ಹೋಗಬಹುದು. ಬಿಡಿಎ ನಿವೇಶನದ ಗುತ್ತಿಗೆ ಮತ್ತು ಮಾರಾಟ ಕರಾರಿನಲ್ಲಿ ಹತ್ತು ವರ್ಷ ಕಳೆದ ಮೇಲೆ ಶುದ್ಧ ಕ್ರಯಪತ್ರ ಕೈಸೇರಿ, ಅಂದಿನಿಂದ ಸರ್ಕಾರದ ರಿಯಾಯಿತಿಯೆಲ್ಲ ಮೊದಲ ಹಂಚಿಕೆದಾರನ ಲಾಭವಾಗಿಬಿಡುತ್ತದೆ. ಡಡ್ಲಿಯಲ್ಲಿ ಆ ರಿಯಾಯಿತಿ ಮುಂದಿನ ಕುಟುಂಬಕ್ಕೂ, ಅದರ ಮುಂದಿನದಕ್ಕೂ ಉಳಿಯುತ್ತದೆ.

ಈ ವ್ಯವಸ್ಥೆಯ ವಂಶಾವಳಿಯಲ್ಲಿ ನಮ್ಮ ನೆಲದ ಹೆಸರೊಂದಿದೆ. ಅಮೆರಿಕದ ಮೊದಲ ಸಮುದಾಯ ಭೂ ಟ್ರಸ್ಟ್ ಎನಿಸಿದ ನ್ಯೂ ಕಮ್ಯುನಿಟೀಸ್, ಜಾರ್ಜಿಯಾ ರಾಜ್ಯದಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರಿಂದ 1969ರಲ್ಲಿ ಆರಂಭವಾಯಿತು. ಅದರ ಹಿಂದೆ ದುಡಿದ ರಾಬರ್ಟ್ ಸ್ವಾನ್ ಮೊದಲಾದವರು ವಿನೋಬಾ ಭಾವೆಯವರ ಗ್ರಾಮದಾನದಿಂದ ಪ್ರೇರಣೆ ಪಡೆದಿದ್ದರು. ಭೂದಾನದಲ್ಲಿ ವ್ಯಕ್ತಿಗೆ ಕೊಟ್ಟ ಜಮೀನು ಮತ್ತೆ ಸಾಹುಕಾರರ ಪಾಲಾಗುವುದನ್ನು ಕಂಡು, ಇಡೀ ಗ್ರಾಮವೇ ಒಡೆಯನಾಗಲಿ ಎಂಬ ಚಿಂತನೆ ಬಲಗೊಂಡಿತ್ತು. 1957ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಪಕ್ಕದ ಯಲವಾಲದಲ್ಲಿ ನೆಹರೂ ಸೇರಿದಂತೆ ಹಲವು ಪಕ್ಷಗಳ ನಾಯಕರು ವಿನೋಬಾರ ಜೊತೆ ಕುಳಿತು ಗ್ರಾಮದಾನಕ್ಕೆ ಬೆಂಬಲ ಘೋಷಿಸಿದ್ದರು. ನಮ್ಮಲ್ಲಿ ಆ ಉತ್ಸಾಹ ಕಾಗದದ ಮೇಲೆ ಉಳಿದದ್ದೇ ಹೆಚ್ಚು. ದಾನಪತ್ರಗಳ ಜಾಗದಲ್ಲಿ ನೋಂದಾಯಿತ ಗುತ್ತಿಗೆ ಕರಾರನ್ನು ಇಟ್ಟದ್ದು ಅಮೆರಿಕದವರ ಕೊಡುಗೆ, ಆ ಕರಾರಿಗೆ ನ್ಯಾಯಾಲಯದಲ್ಲಿ ನಿಲ್ಲುವ ಬಲವಿತ್ತು.

ಮೊದಲ ಮನೆಗಳು ಏಳುವುದು ತಡವಾಯಿತು. 1990ರ ಸುಮಾರಿಗೆ ಬಾಸ್ಟನ್ನಿನ ಗೃಹ ಮಾರುಕಟ್ಟೆ ಕುಸಿದು, ಕಟ್ಟಲು ಒಪ್ಪಿದ್ದ ನಿರ್ಮಾಣ ಸಂಸ್ಥೆ ಹಿಂದೆ ಸರಿಯಿತು. ಜನಸಂಘಟನೆ ಮತ್ತು ಯೋಜನೆ ತನ್ನದು, ಕಟ್ಟುವ ಕೆಲಸ ಬೇರೆಯವರದು ಎಂಬುದು ಡಿಎಸ್‌ಎನ್‌ಐ ಹಾಕಿಕೊಂಡಿದ್ದ ನಿಯಮ. ಅದನ್ನು ಅನಿವಾರ್ಯವಾಗಿ ಮುರಿದು ತಾನೇ ಮುಂದೆ ನಿಂತು ವಿನ್‌ಥ್ರಾಪ್ ಎಸ್ಟೇಟ್ಸ್ ಎಂಬ 36 ಮನೆಗಳನ್ನು 1990ರ ದಶಕದ ಮಧ್ಯಭಾಗದ ಹೊತ್ತಿಗೆ ಮುಗಿಸಿತು, ನಂತರ ಮತ್ತೆ ತನ್ನ ನಿಯಮಕ್ಕೆ ಮರಳಿತು. ಮುಂದಿನ ಮನೆಗಳನ್ನು ಹೆಚ್ಚಾಗಿ ನ್ಯೂಸ್ತ್ರಾ ಕಮ್ಯುನಿದಾದ್‌ನಂತಹ ಸ್ಥಳೀಯ ಅಭಿವೃದ್ಧಿ ನಿಗಮಗಳು ಕಟ್ಟಿದವು. ಕಾಲಕ್ರಮೇಣ 1,300 ಖಾಲಿ ನಿವೇಶನಗಳಲ್ಲಿ ಅರ್ಧಕ್ಕೂ ಹೆಚ್ಚು ಮತ್ತೆ ಬಳಕೆಗೆ ಬಂದವು. ಇಂದು ಟ್ರಸ್ಟಿನ ನೆಲದ ಮೇಲೆ ಸ್ವಂತ ಮನೆ, ಸಹಕಾರಿ ಮನೆ, ಬಾಡಿಗೆ ಮನೆ ಎಲ್ಲ ಸೇರಿ 225ರಷ್ಟು ವಾಸದ ಮನೆಗಳಿವೆ. ಡಡ್ಲಿ ಟೌನ್ ಕಾಮನ್ ಎಂಬ ಬಯಲು, ಆಟದ ಮೈದಾನಗಳು, ಹಳೆಯ ಗ್ಯಾರೇಜಿನ ಜಾಗದಲ್ಲಿ ಎದ್ದ 10,000 ಚದರ ಅಡಿಯ ಹಸಿರುಮನೆ ಇವೂ ಆ ನಿವೇಶನಗಳಲ್ಲಿವೆ. ಹಸಿರುಮನೆಯನ್ನು ನಡೆಸುವ ಫುಡ್ ಪ್ರಾಜೆಕ್ಟ್ ಸಂಸ್ಥೆ ಅರ್ಧ ಭಾಗದಲ್ಲಿ ಮಾರಾಟಕ್ಕೆ ಬೆಳೆದು ವೆಚ್ಚ ತೂಗಿಸುತ್ತದೆ, ಇನ್ನರ್ಧವನ್ನು ನೆರೆಹೊರೆಯವರು ತರಕಾರಿ ಬೆಳೆದುಕೊಳ್ಳಲು ಬಿಡುತ್ತದೆ. ಹಳೆಯ ಮನೆಗಳ ಬಣ್ಣದಿಂದ ಉದುರಿದ ಸೀಸ ಈ ಬಡಾವಣೆಯ ಮಣ್ಣಿನಲ್ಲಿ ಸೇರಿಕೊಂಡಿರುವುದರಿಂದ, ಹೊರಗಿನ ಹಿತ್ತಲಲ್ಲಿ ಬೆಳೆಯುವವರು ಹಲಗೆಯ ಪಾತಿ ಕಟ್ಟಿ ಶುದ್ಧ ಮಣ್ಣು ತುಂಬಿಕೊಳ್ಳಬೇಕಾಗುತ್ತದೆ.

ಟ್ರಸ್ಟಿನ ನಿಜವಾದ ಪರೀಕ್ಷೆ ನಡೆದದ್ದು 2008ರ ಸಾಲ ಬಿಕ್ಕಟ್ಟಿನಲ್ಲಿ. ಹಿಂದೆ ಸಾಲವನ್ನೇ ಕೊಡದಿದ್ದ ಬಡಾವಣೆಗಳಿಗೆ ಈ ಬಾರಿ ತೀರಿಸಲಾಗದ ಷರತ್ತುಗಳ ಸಾಲವನ್ನು ಮುಂದೆಬಿದ್ದು ಕೊಡಲಾಗಿತ್ತು. ಸುತ್ತಲಿನ ಬೀದಿಗಳಲ್ಲಿ ಕಂತು ಕಟ್ಟಲಾಗದೆ ಮನೆಗಳು ಬ್ಯಾಂಕಿನ ಪಾಲಾದವು. ಟ್ರಸ್ಟಿನ ನೆಲದ ಮೇಲಿನ ಮನೆಗಳಲ್ಲಿ ಅಂತಹವು ಬೆರಳೆಣಿಕೆಯನ್ನು ಮೀರಲಿಲ್ಲ. ಮನೆಯ ಮೇಲೆ ಸಾಲ ಪಡೆಯುವ ಮುನ್ನ ಟ್ರಸ್ಟಿನ ಒಪ್ಪಿಗೆ ಬೇಕು ಎಂಬ ಷರತ್ತು ಮೋಸದ ಸಾಲಗಳನ್ನು ಬಾಗಿಲಲ್ಲೇ ತಡೆದಿತ್ತು. ಕಂತು ತಪ್ಪಿದರೆ ಟ್ರಸ್ಟಿಗೂ ತಿಳಿಯುತ್ತಿದ್ದುದರಿಂದ ಅದು ನಡುವೆ ಬಂದು ಬ್ಯಾಂಕಿನೊಂದಿಗೆ ಮಾತನಾಡಲು ಅವಕಾಶವಿತ್ತು.

ಉಳಿದ ತೊಡಕುಗಳು

ಈ ಪ್ರಕರಣವನ್ನು ಯಶೋಗಾಥೆಯಾಗಿ ಮಾತ್ರ ಓದುವುದು ಸರಿಯಲ್ಲ. ಸುಮಾರು 24,000 ಜನರಿರುವ ಪ್ರದೇಶದಲ್ಲಿ, ಮೂರು ದಶಕ ದಾಟಿದ ದುಡಿಮೆಯ ನಂತರವೂ ಟ್ರಸ್ಟಿನ ರಕ್ಷಣೆಯಲ್ಲಿರುವ ಮನೆಗಳು ಇಷ್ಟೇ. ಟ್ರಸ್ಟಿನ ನೆಲದ ಹೊರಗೆ ಬಾಡಿಗೆಗೆ ಇರುವವರನ್ನು ಏರುವ ಬಾಡಿಗೆಯಿಂದ ಕಾಪಾಡುವ ಶಕ್ತಿ ಸಂಸ್ಥೆಗೆ ಇಲ್ಲ, ಬಡಾವಣೆ ಸುಧಾರಿಸಿದ್ದೇ ಬಾಡಿಗೆ ಏರಲು ಒಂದು ಕಾರಣ ಎಂಬುದನ್ನೂ ಅಲ್ಲಗಳೆಯಲಾಗದು. ಮನೆ ಸಿಕ್ಕಷ್ಟು ಸುಲಭವಾಗಿ ಒಳ್ಳೆಯ ಸಂಬಳದ ಕೆಲಸ ಸಿಕ್ಕಿಲ್ಲ. ಸಂಸ್ಥೆ ಈಗಲೂ ಬಹುಮಟ್ಟಿಗೆ ಪ್ರತಿಷ್ಠಾನಗಳ ಮತ್ತು ಸರ್ಕಾರದ ಹಣವನ್ನು ನೆಚ್ಚಿಕೊಂಡಿದೆ. 1985ರಲ್ಲಿ ದಾನಿಗಳನ್ನು ಎದುರಿಸಿ ನಿಂತ ಮಂಡಳಿಗೂ ಪ್ರತಿ ವರ್ಷ ಅರ್ಜಿ ಬರೆಯುವುದು ತಪ್ಪಿಲ್ಲ.

ಮರುಮಾರಾಟದ ಮಿತಿಯ ಬಗ್ಗೆ ಇರುವ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಅಮೆರಿಕದ ಕಪ್ಪು ಕುಟುಂಬಗಳಿಗೆ ಆಸ್ತಿ ಕೂಡಿಡುವ ದಾರಿಯನ್ನು ತಲೆಮಾರುಗಳ ಕಾಲ ಮುಚ್ಚಲಾಗಿತ್ತು. ಈಗ ಮನೆ ಸಿಕ್ಕಾಗಲೂ ಬಿಳಿಯರ ಬಡಾವಣೆಯ ಮಾಲೀಕರಂತೆ ಬೆಲೆ ಏರಿಕೆಯ ಪೂರ್ಣ ಲಾಭ ಅವರಿಗೆ ಏಕೆ ಬೇಡ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಸಂಸ್ಥೆಯ ವಾದವೆಂದರೆ, ಈ ದರದಲ್ಲಿ ಸಿಗದಿದ್ದರೆ ಆ ಕುಟುಂಬಗಳಿಗೆ ಮನೆಯೇ ಸಿಗುತ್ತಿರಲಿಲ್ಲ, ಸಾಲ ತೀರಿಸಿದಷ್ಟೂ ಹಣ ಅವರ ಆಸ್ತಿಯಾಗಿಯೇ ಉಳಿಯುತ್ತದೆ. ನನಗೆ ಈ ವಾದ ಒಪ್ಪಿಗೆ, ಆದರೆ ಷರತ್ತನ್ನು ಹೊರಗಿನ ಇಲಾಖೆಯೊಂದು ಹೇರಿದ್ದರೆ ಒಪ್ಪುತ್ತಿದ್ದೆನೆಂದು ಹೇಳಲಾರೆ. ಇಲ್ಲಿ ಅದನ್ನು ಹಾಕಿದ್ದು ನಿವಾಸಿಗಳೇ ಆರಿಸಿದ ಮಂಡಳಿ, ಬೇಡವೆನಿಸಿದರೆ ಬದಲಿಸುವ ದಾರಿಯೂ ಅವರ ಮುಂದಿದೆ.

ಮುಂದಿನ ತಲೆಮಾರಿನ ವಿಚಾರದಲ್ಲಿ ಸಂಸ್ಥೆ ಎಚ್ಚರ ವಹಿಸಿದೆ. ಕೇಪ್ ವರ್ಡ್ ಮೂಲದ ಕುಟುಂಬದ ಜಾನ್ ಬ್ಯಾರೋಸ್ ಹದಿಹರೆಯದಲ್ಲೇ ಮಂಡಳಿಗೆ ಆಯ್ಕೆಯಾಗಿ, ಮುಂದೆ ಸಂಸ್ಥೆಯ ನಿರ್ದೇಶಕರಾದರು. 2013ರಲ್ಲಿ ಮೇಯರ್ ಚುನಾವಣೆಗೆ ನಿಂತು ಸೋತ ಬಳಿಕ, ಗೆದ್ದ ಮಾರ್ಟಿ ವಾಲ್ಶ್ ಅವರ ಆಡಳಿತದಲ್ಲಿ ನಗರದ ಆರ್ಥಿಕ ಅಭಿವೃದ್ಧಿಯ ಮುಖ್ಯಸ್ಥರಾದರು. 2019ರ ಕೊನೆಯಲ್ಲಿ ಪಕ್ಕದ ಡಡ್ಲಿ ಸ್ಕ್ವೇರ್‌ಗೆ ನೂಬಿಯನ್ ಸ್ಕ್ವೇರ್ ಎಂಬ ಹೆಸರು ಬಂತು. ವಸಾಹತು ಕಾಲದ ಗವರ್ನರ್ ಥಾಮಸ್ ಡಡ್ಲಿಯ ಹೆಸರು ಬೀದಿಯಲ್ಲೂ ಸಂಸ್ಥೆಯಲ್ಲೂ ಇನ್ನೂ ಉಳಿದಿದೆ. ಇತ್ತೀಚಿನ ವರ್ಷಗಳಲ್ಲಿ ಚೈನಾಟೌನ್ ಸೇರಿದಂತೆ ಬಾಸ್ಟನ್ನಿನ ಬೇರೆ ಬಡಾವಣೆಗಳ ನಿವಾಸಿಗಳೂ ಭೂ ಟ್ರಸ್ಟ್‌ಗಳನ್ನು ಆರಂಭಿಸಿದ್ದು, ಅವುಗಳ ಒಕ್ಕೂಟವನ್ನು ಕಟ್ಟುವಲ್ಲಿ ಡಿಎಸ್‌ಎನ್‌ಐ ಮುಂದಾಳತ್ವ ವಹಿಸಿದೆ. ಅವರ ಮುಂದೆ ಡಡ್ಲಿಯವರಿಗಿದ್ದಂತೆ ಅಗ್ಗದ ಪಾಳು ನೆಲವಿಲ್ಲ, ಪ್ರತಿ ನಿವೇಶನವನ್ನೂ ಇಂದಿನ ಬಾಸ್ಟನ್ ದರಕ್ಕೆ ಕೊಳ್ಳಬೇಕಾಗಿದೆ.